108 ದಿನದ ಲೆಕ್ಕ ಇದೆ, ಎಂಟು ವರ್ಷದ ಲೆಕ್ಕ ಎಲ್ಲಿ?

2000ನೇ ಇಸವಿ, ಜುಲೈ 30. ಭೀಮನ ಅಮಾವಾಸ್ಯೆ. ಅವತ್ತು ರಾತ್ರಿ ಗಾಜನೂರಿನ ತೋಟದ ಮನೆಯಿಂದ ಡಾ. ರಾಜ್‌ಕುಮಾರ್ ಅವರನ್ನ ವೀರಪ್ಪನ್ ಕರ್ಕೊಂಡು ಹೋದ. ನಾನಾಗ ಪ್ರೈಮರಿ ಸ್ಕೂಲಲ್ಲಿದ್ದೆ. ಸ್ಕೂಲಿಗೆ ರಜೆ ಅಂತ ಖುಷಿಪಟ್ಟಿದ್ದೆ, ಆಮೇಲೆ ಟಿವಿ ಮುಂದೆ ಕೂತಿದ್ದ ಅಪ್ಪನ ಮುಖ ನೋಡಿ ಸುಮ್ಮನಾದೆ. ಆ ದಿನಗಳು ನಮ್ಮ ತಲೆಮಾರಿನ ಯಾರಿಗೂ ಮರೆತಿಲ್ಲ. ಕಾಡಿಂದ ಬರುತ್ತಿದ್ದ ಕ್ಯಾಸೆಟ್ಟುಗಳು, ಸಂಧಾನಕ್ಕೆ ಹೋಗಿಬರುತ್ತಿದ್ದ ನಕ್ಕೀರನ್ ಗೋಪಾಲ್, ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರ ಸುಸ್ತಾದ ಮುಖ. ನವೆಂಬರ್ 15ಕ್ಕೆ ಅಣ್ಣಾವ್ರು ವಾಪಸ್ ಬಂದ್ರು. ಒಟ್ಟು 108 ದಿನ. ಕರ್ನಾಟಕದಲ್ಲಿ ಯಾರನ್ನ ಕೇಳಿದರೂ ಈ ಸಂಖ್ಯೆ ಹೇಳ್ತಾರೆ.

ಟಿವಿಯವರಿಗೂ ಅಷ್ಟೇ. ಪ್ರತಿ ವರ್ಷ ಜುಲೈ 30 ಬಂತು ಅಂದ್ರೆ ಸ್ಪೆಷಲ್ ಕಾರ್ಯಕ್ರಮ ರೆಡಿ. ಗ್ರಾಫಿಕ್ಸಲ್ಲಿ ಕಾಡು, ಮೀಸೆ, ಕೆಂಪಕ್ಷರದಲ್ಲಿ 108. ಒಂದು ವರ್ಷ ಆ ಕಾರ್ಯಕ್ರಮಕ್ಕೆ ತಯಾರಿ ಮಾಡ್ಕೊಳ್ಳುವಾಗ ವೀರಪ್ಪನ್ ಇಟ್ಟ ಬೇಡಿಕೆಗಳ ಪಟ್ಟಿ ಓದ್ತಾ ಕೂತಿದ್ದೆ. ಕಾವೇರಿ ನೀರು, ಬೆಂಗಳೂರಲ್ಲಿ ತಿರುವಳ್ಳುವರ್ ಪ್ರತಿಮೆ, ಇವೆಲ್ಲ ನಮಗೆ ಗೊತ್ತಿರೋದೇ. ಅದರ ಜೊತೆ ಇನ್ನೊಂದಿತ್ತು. ಮೈಸೂರು ಜೈಲಲ್ಲಿರೋ ಟಾಡಾ ಕೈದಿಗಳನ್ನ ಬಿಡಬೇಕು. ಎಷ್ಟು ಜನ? 51.

ನಾನು ಓದಿದ್ದು ಇಂಜಿನಿಯರಿಂಗು. ಸಂಖ್ಯೆ ಕಂಡರೆ ಅದರ ಹಿಂದೆ ಏನಿದೆ ಅಂತ ಹುಡುಕೋ ಚಟ ಇನ್ನೂ ಹೋಗಿಲ್ಲ. 108ರ ಹಿಂದೆ ಯಾರಿದ್ದಾರೆ ಅಂತ ಎಲ್ಲರಿಗೂ ಗೊತ್ತು. ಈ 51ರ ಹಿಂದೆ ಯಾರಿದ್ರು?

ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. 1991ರ ನವೆಂಬರ್ 10ರಂದು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನ ಗೋಪಿನಾಥಂ ಹತ್ತಿರ ವೀರಪ್ಪನ್ ಕೊಂದ. ಶರಣಾಗ್ತೀನಿ ಅಂತ ನಂಬಿಸಿ ಕರೆಸಿಕೊಂಡು ಕೊಂದದ್ದು. 1992ರಲ್ಲಿ ರಾಮಾಪುರ ಪೊಲೀಸ್ ಠಾಣೆ ಮೇಲೆ ದಾಳಿ ಆಯ್ತು. ಅದೇ ವರ್ಷ ಆಗಸ್ಟ್ 14ಕ್ಕೆ ಮೀಣ್ಯಂ ಹತ್ತಿರ ಎಸ್ಪಿ ಹರಿಕೃಷ್ಣ ಮತ್ತು ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹ್ಮದ್ ಹತರಾದರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬ್ ಸಿಡಿದು 22 ಜನ ಸತ್ತರು. ಪೊಲೀಸರು, ಅರಣ್ಯ ಕಾವಲುಗಾರರು, ಮಾಹಿತಿ ಕೊಡೋಕೆ ಹೋಗಿದ್ದ ಹಳ್ಳಿಯವರೂ ಅದರಲ್ಲಿದ್ರು. ಇವರೆಲ್ಲ ಕೆಲಸ ಮಾಡ್ತಾ ಪ್ರಾಣ ಬಿಟ್ಟವರು. ಈ ಲೇಖನದಲ್ಲಿ ನಾನು ಮುಂದೆ ಏನೇ ಹೇಳಿದರೂ ಅವರ ಸಾವನ್ನ ಒಂದು ಗುಲಗಂಜಿಯಷ್ಟೂ ಹಗುರ ಮಾಡೋ ಉದ್ದೇಶ ನನಗಿಲ್ಲ.

ಈ ಊರುಗಳೆಲ್ಲ ಇವತ್ತಿನ ಹನೂರು ತಾಲ್ಲೂಕಿನ ಆಸುಪಾಸಿನವು. ಆಗ ಹನೂರು ತಾಲ್ಲೂಕೇ ಇರಲಿಲ್ಲ, ಎಲ್ಲ ಕೊಳ್ಳೇಗಾಲಕ್ಕೆ ಸೇರಿತ್ತು. ಚಾಮರಾಜನಗರ ಜಿಲ್ಲೆಯೂ ಇರಲಿಲ್ಲ, ಅದು ಆಗಿದ್ದು 1997ರಲ್ಲಿ. ಹಾಗಾಗಿ ಮಲೆ ಮಹದೇಶ್ವರ ಬೆಟ್ಟದ ಕೆಳಗಿನ ಹಳ್ಳಿಯವರಿಗೆ ಕೋರ್ಟು ಅಂದ್ರೂ ಮೈಸೂರು, ಜೈಲು ಅಂದ್ರೂ ಮೈಸೂರು. ಪಾಲಾರ್ ಘಟನೆ ಆದಮೇಲೆ ಎರಡು ರಾಜ್ಯಗಳ ವಿಶೇಷ ಕಾರ್ಯಪಡೆ ಕಾಡಂಚಿನ ಹಳ್ಳಿಗಳನ್ನ ಜಾಲಾಡಿತು. ವೀರಪ್ಪನ್ ಸಿಗಲಿಲ್ಲ, ಅವನಿಗೆ ಅಕ್ಕಿ ಕೊಟ್ಟಿರಬಹುದು, ದಾರಿ ತೋರಿಸಿರಬಹುದು ಅನ್ನೋ ಅನುಮಾನಕ್ಕೆ ಸಿಕ್ಕವರು ಸಿಕ್ಕರು. ಕೂಲಿಯವರು, ದನ ಮೇಯಿಸೋರು, ತಮಿಳು ಮನೆಮಾತಿನ ರೈತರು. ಅವರಲ್ಲಿ ಹೆಂಗಸರೂ ಇದ್ರು. ನೂರಿಪ್ಪತ್ತಕ್ಕೂ ಹೆಚ್ಚು ಜನರ ಮೇಲೆ ಟಾಡಾ ಕೇಸು ಬಿತ್ತು.

ಟಾಡಾ ಅಂದ್ರೆ ಇವತ್ತಿನ ಹುಡುಗರಿಗೆ ಸಂಜಯ್ ದತ್ ನೆನಪಾಗಬಹುದು. ಭಯೋತ್ಪಾದನೆ ತಡೆಯೋಕೆ ಅಂತ ತಂದ ಕಾಯ್ದೆ ಅದು. ಅದರಲ್ಲಿ ಎರಡು ವಿಷಯ ತಿಳ್ಕೊಳ್ಳಿ. ಒಂದು, ಮಾಮೂಲಿ ಕೇಸಲ್ಲಿ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಗೆ ಕೋರ್ಟಲ್ಲಿ ಬೆಲೆ ಇಲ್ಲ, ಟಾಡಾದಲ್ಲಿ ಎಸ್ಪಿ ದರ್ಜೆಯ ಅಧಿಕಾರಿ ಮುಂದೆ ಕೊಟ್ಟ ಹೇಳಿಕೆ ಸಾಕ್ಷಿ ಆಗುತ್ತೆ. ಎರಡು, ಆರೋಪಿ ತಪ್ಪಿತಸ್ಥ ಅಲ್ಲ ಅಂತ ಜಡ್ಜಿಗೆ ಮೊದಲೇ ಅನ್ನಿಸಿದರೆ ಮಾತ್ರ ಜಾಮೀನು. ಅಂದ್ರೆ ವಿಚಾರಣೆ ಮುಗಿಯೋ ಮೊದಲೇ ಗೆಲ್ಲಬೇಕು. ಈ ಕಾಯ್ದೆ 1995ರ ಮೇ ತಿಂಗಳಲ್ಲೇ ಸತ್ತುಹೋಯ್ತು, ಕೇಂದ್ರ ಸರ್ಕಾರ ಅದನ್ನ ಮುಂದುವರಿಸಲಿಲ್ಲ. ಆದರೆ ಅದರಡಿ ಹಾಕಿದ್ದ ಕೇಸುಗಳು ಸಾಯಲಿಲ್ಲ. 1996ರಲ್ಲಿ ಸುಪ್ರೀಂ ಕೋರ್ಟು, ಅತಿ ಗಂಭೀರ ಆರೋಪ ಇಲ್ಲದವರನ್ನ ಮೂರು ವರ್ಷ, ಐದು ವರ್ಷ ಕಳೆದಮೇಲೆ ಜಾಮೀನಿನ ಮೇಲೆ ಬಿಡಬಹುದು ಅಂತ ಹೇಳಿತು. ಜಾಮೀನು ಸಿಕ್ಕರೂ ಜಾಮೀನುದಾರ ಬೇಕಲ್ಲ. ವೀರಪ್ಪನ್ ಕೇಸಿಗೆ ಪಹಣಿ ಹಿಡ್ಕೊಂಡು ಕೋರ್ಟಿಗೆ ಬಂದು ನಿಲ್ಲೋರು ಯಾರು?

ಹೀಗೆ 2000ದ ಹೊತ್ತಿಗೆ ಉಳಿದವರು ಆ 51.

ರಾಜ್‌ಕುಮಾರ್ ಅಪಹರಣ ಆದ ತಕ್ಷಣ ಏನಾಯ್ತು ನೋಡಿ. ಏಳು ವರ್ಷ ಅಲುಗಾಡದ ಫೈಲು ಕೆಲವೇ ವಾರದಲ್ಲಿ ಓಡಿತು. ಟಾಡಾ ಆರೋಪ ವಾಪಸ್ ತಗೊಳ್ತೀವಿ, ಜಾಮೀನಿಗೂ ವಿರೋಧ ಇಲ್ಲ ಅಂತ ಸರ್ಕಾರಿ ವಕೀಲರು ಅರ್ಜಿ ಹಾಕಿದ್ರು, ಮೈಸೂರಿನ ವಿಶೇಷ ಕೋರ್ಟು ಒಪ್ಪಿತು. ಇದನ್ನ ಪ್ರಶ್ನೆ ಮಾಡಿ ಸುಪ್ರೀಂ ಕೋರ್ಟಿಗೆ ಹೋದವರು ಅಬ್ದುಲ್ ಕರೀಂ. ಹತರಾದ ಶಕೀಲ್ ಅಹ್ಮದ್ ಅವರ ತಂದೆ. ಮಗನನ್ನ ಕಳ್ಕೊಂಡ ಅಪ್ಪ ಕೇಳಿದ್ದು ನ್ಯಾಯವಾಗೇ ಇತ್ತು, ಒಬ್ಬ ಕಾಡುಗಳ್ಳ ಹೇಳಿದ ಅಂತ ಸರ್ಕಾರ ಕೇಸು ಬಿಡಬಹುದಾ? 2000ದ ನವೆಂಬರ್ 7ರಂದು ಸುಪ್ರೀಂ ಕೋರ್ಟು ಆ ಆದೇಶಗಳನ್ನ ರದ್ದು ಮಾಡಿತು. ಅದಾದ ಎಂಟೇ ದಿನಕ್ಕೆ ರಾಜ್‌ಕುಮಾರ್ ಬಿಡುಗಡೆ ಆದ್ರು. ನಾವು ಪಟಾಕಿ ಹೊಡೆದ್ವಿ. ಆ 51 ಜನ ಒಳಗೇ ಇದ್ರು.

ಮುಂದಿನ ವರ್ಷ, 2001ರ ಸೆಪ್ಟೆಂಬರಲ್ಲಿ ಮೈಸೂರಿನ ಟಾಡಾ ಕೋರ್ಟು ತೀರ್ಪು ಕೊಟ್ಟಿತು. ಕೆಲವರಿಗೆ ಶಿಕ್ಷೆ ಆಯ್ತು. ಜಾಮೀನಿನ ಮೇಲಿದ್ದವರು, ಜೈಲಲ್ಲಿದ್ದವರು ಎಲ್ಲ ಸೇರಿ ನೂರಕ್ಕೂ ಹೆಚ್ಚು ಜನರ ಮೇಲಿನ ಆರೋಪ ಸಾಬೀತಾಗಲಿಲ್ಲ. ಬಿಡುಗಡೆ. 1993ರಲ್ಲಿ ಒಳಗೆ ಹೋದವರಿಗೆ ಅಷ್ಟೊತ್ತಿಗೆ ಎಂಟು ವರ್ಷ.

ಶಿಕ್ಷೆ ಆದವರಲ್ಲಿ ನಾಲ್ವರ ಕಥೆ ಸುದ್ದಿ ಆಯ್ತು. ಅವರಿಗೆ ಕೊಟ್ಟಿದ್ದ ಜೀವಾವಧಿಯನ್ನ 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮರಣದಂಡನೆಗೆ ಏರಿಸಿತು. 2013ರ ಫೆಬ್ರವರಿಯಲ್ಲಿ ರಾಷ್ಟ್ರಪತಿಗಳು ಕ್ಷಮಾದಾನ ಅರ್ಜಿ ತಿರಸ್ಕರಿಸಿದಾಗ ಬೆಳಗಾವಿಯ ಹಿಂಡಲಗಾ ಜೈಲಿನ ಮುಂದೆ ಎಲ್ಲ ಚಾನೆಲ್ಲುಗಳ ಓಬಿ ವ್ಯಾನು ನಿಂತಿದ್ವು. 2014ರ ಜನವರಿ 21ರಂದು, ಕ್ಷಮಾದಾನ ಅರ್ಜಿ ವಿಲೇವಾರಿ ವಿಪರೀತ ತಡ ಆಯ್ತು ಅನ್ನೋ ಕಾರಣಕ್ಕೆ ಅದು ಮತ್ತೆ ಜೀವಾವಧಿ ಆಯ್ತು. ಆ ನಾಲ್ವರಲ್ಲಿ ಒಬ್ಬರು, ಹನೂರು ತಾಲ್ಲೂಕಿನ ಸಂದನಪಾಳ್ಯದವರು, ಕ್ಯಾನ್ಸರ್ ಬಂದಮೇಲೆ 2022ರ ಡಿಸೆಂಬರಲ್ಲಿ ಜಾಮೀನಿನ ಮೇಲೆ ಮೈಸೂರು ಜೈಲಿಂದ ಹೊರಗೆ ಬಂದ್ರು. 29 ವರ್ಷ ಆಗಿತ್ತು. ಅದೂ ಒಂದು ದಿನದ ಸುದ್ದಿ ಆಯ್ತು.

ಆದರೆ ನಿರ್ದೋಷಿ ಅಂತ ಬಿಡುಗಡೆಯಾದ ಆ ನೂರಕ್ಕೂ ಹೆಚ್ಚು ಜನ? ಅವರ ಊರಿಗೆ ಯಾವ ಓಬಿ ವ್ಯಾನೂ ಹೋಗಲಿಲ್ಲ.

ಇಲ್ಲಿಂದ ನನ್ನ ನಿಜವಾದ ಪ್ರಶ್ನೆ ಶುರು. ಜೈಲಿನ ಗೇಟು ತೆಗೆದ ದಿನ ಒಬ್ಬ ಮನುಷ್ಯನ ಕೈಯಲ್ಲಿ ಏನಿರುತ್ತೆ?

ತಪ್ಪು ಮಾಡಿ ಶಿಕ್ಷೆ ಆದವನಿಗೆ ಜೈಲಲ್ಲಿ ಕೆಲಸ ಇರುತ್ತೆ. ಬಡಗಿ ಕೆಲಸ, ಮಗ್ಗ, ಬೇಕರಿ, ಪ್ರಿಂಟಿಂಗು. ಕೂಲಿ ಇರುತ್ತೆ. ನಮ್ಮ ರಾಜ್ಯ 2023ರಲ್ಲಿ ಆ ಕೂಲಿಯನ್ನ ಏರಿಸಿ, ಏನೂ ಕಸುಬು ಗೊತ್ತಿಲ್ಲದ ಕೈದಿಗೂ ದಿನಕ್ಕೆ 500 ರೂಪಾಯಿ ದಾಟೋ ಹಾಗೆ ಮಾಡಿತು. ಒಳ್ಳೆ ಕೆಲಸ. ಜೊತೆಗೆ ಸನ್ನಡತೆ ತೋರಿಸಿದರೆ ಶಿಕ್ಷೆಯಲ್ಲಿ ಕಡಿತ, ನಿಯಮದ ಪ್ರಕಾರ ಪೆರೋಲು. ವಿಚಾರಣಾಧೀನ ಕೈದಿಗೆ ಇದ್ಯಾವುದೂ ಹೀಗೆ ಸಿಗಲ್ಲ. ಯಾಕೆಂದ್ರೆ ಕಾನೂನಿನ ಕಣ್ಣಲ್ಲಿ ಅವನಿನ್ನೂ ನಿರಪರಾಧಿ. ನಿರಪರಾಧಿಯ ಹತ್ತಿರ ಕೆಲಸ ಮಾಡಿಸೋ ಹಾಗಿಲ್ಲ, ಶಿಕ್ಷೆ ಇಲ್ಲದವನಿಗೆ ಕಡಿತ ಎಲ್ಲಿಂದ ಬರುತ್ತೆ? ಓದೋಕೆ ಚೆನ್ನಾಗಿರೋ ತತ್ವ. ಬದುಕೋಕೆ?

ಇನ್ನೊಂದು ಇದೆ, ಇದನ್ನ ಓದಿದಾಗ ನಾನು ಎರಡೆರಡು ಸಲ ಚೆಕ್ ಮಾಡ್ದೆ. ದಂಡ ಪ್ರಕ್ರಿಯಾ ಸಂಹಿತೆಯ 428ನೇ ಕಲಂ. ವಿಚಾರಣೆ ಕಾಲದಲ್ಲಿ ಜೈಲಲ್ಲಿ ಕಳೆದ ದಿನಗಳನ್ನ ಶಿಕ್ಷೆಯ ಅವಧಿಯಿಂದ ಕಳೀಬೇಕು ಅನ್ನುತ್ತಿತ್ತು ಅದು. ಐದು ವರ್ಷ ಶಿಕ್ಷೆ ಆದವನು ಮೊದಲೇ ನಾಲ್ಕು ವರ್ಷ ಒಳಗಿದ್ದರೆ ಬಾಕಿ ಒಂದೇ ವರ್ಷ. ನ್ಯಾಯ. ಅಂದ್ರೆ ತಪ್ಪಿತಸ್ಥನ ಒಂದೊಂದು ದಿನವನ್ನೂ ಕಾನೂನು ಎಣಿಸುತ್ತೆ. ನಿರ್ದೋಷಿ ಆದವನ ಎಂಟು ವರ್ಷ ಯಾವುದರಿಂದ ಕಳೀಬೇಕು? ಕಳೆಯೋಕೆ ಅವನಿಗೆ ಶಿಕ್ಷೆಯೇ ಇಲ್ಲ. ಆ ದಿನಗಳಿಗೆ ಯಾವ ಖಾತೆಯೂ ಇಲ್ಲ.

ಹಾಗಾದ್ರೆ ಜೈಲಲ್ಲಿ ಓದಬಹುದಿತ್ತಲ್ಲ ಅಂತ ನೀವು ಕೇಳಬಹುದು. ಖಂಡಿತ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ ಕೈದಿಗಳಿಗೆ ಶುಲ್ಕ ಇಲ್ಲದೆ ಓದಿಸುತ್ತೆ. ಮೈಸೂರಲ್ಲೇ ಇರೋ ನಮ್ಮ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಪದವಿಯನ್ನ ಜೈಲಿಂದಲೇ ಪಡೆದವರಿದ್ದಾರೆ. ಕಲಬುರಗಿ ಜಿಲ್ಲೆ ಅಫಜಲಪುರದ ಒಬ್ಬ ಯುವಕನ ಸುದ್ದಿ ನಾವೇ ಮಾಡಿದ್ದೀವಿ. ಎಂಬಿಬಿಎಸ್ ಓದ್ತಿದ್ದಾಗ 2002ರಲ್ಲಿ ಕೊಲೆ ಕೇಸಲ್ಲಿ ಒಳಗೆ ಹೋದ್ರು, ಜೀವಾವಧಿ ಆಯ್ತು, ಜೈಲಿನ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ರು, ಮುಕ್ತ ವಿಶ್ವವಿದ್ಯಾಲಯದಿಂದ ಎಂ.ಎ. ಮಾಡಿದ್ರು. 2016ರ ಸ್ವಾತಂತ್ರ್ಯ ದಿನಕ್ಕೆ ಸನ್ನಡತೆ ಮೇಲೆ ಬಿಡುಗಡೆ, 2019ರಲ್ಲಿ ಎಂಬಿಬಿಎಸ್ ಮುಗಿಸಿದ್ರು. ಅವರ ಹಳೇ ಕಾಲೇಜು ಬಾಗಿಲು ಮುಚ್ಚಲಿಲ್ಲ, ಅದು ದೊಡ್ಡ ಮಾತು. ಮೈಸೂರು ರಂಗಾಯಣದ ಹುಲುಗಪ್ಪ ಕಟ್ಟೀಮನಿ ಕೈದಿಗಳಿಗೆ ನಾಟಕ ಕಲಿಸಿ, ಅವರನ್ನ ಜೈಲಿಂದ ಹೊರಗೆ ಕರ್ಕೊಂಡು ಬಂದು ರಂಗದ ಮೇಲೆ ನಿಲ್ಲಿಸಿದ್ರು. ಅಕ್ಷರ ಬರದ ಕೈದಿಗೂ ಮಾತು ಬಾಯಿಪಾಠ ಮಾಡಿ ಸಾವಿರ ಜನರ ಎದುರು ಹೇಳೋ ಧೈರ್ಯ ಬರುತ್ತೆ ಅಂತ ಆ ನಾಟಕಗಳು ತೋರಿಸಿದ್ವು.

ಆದರೆ ಒಂದು ವ್ಯತ್ಯಾಸ ಗಮನಿಸಿ. ಅಫಜಲಪುರದ ಆ ಯುವಕ ಜೈಲಿಗೆ ಹೋಗುವಾಗಲೇ ಮೆಡಿಕಲ್ ವಿದ್ಯಾರ್ಥಿ. ಅರ್ಜಿ ಬರೆಯೋಕೆ ಗೊತ್ತು, ಯಾರನ್ನ ಕೇಳಬೇಕು ಅಂತ ಗೊತ್ತು. ಕಾಡಂಚಿನ ಹಳ್ಳಿಯ ಕೂಲಿಯವನಿಗೆ ತನ್ನ ಮೇಲಿನ ಚಾರ್ಜ್‌ಶೀಟನ್ನೇ ಓದೋಕೆ ಬರದಿದ್ರೆ ಪದವಿಯ ಮಾತೆಲ್ಲಿ? ಪೊಲೀಸರ ಮುಂದೆ ಕೊಟ್ಟ ಹೇಳಿಕೆಯೇ ಸಾಕ್ಷಿ ಆಗೋ ಕಾಯ್ದೆಯಲ್ಲಿ, ಎದುರಿಟ್ಟ ಹಾಳೆಯಲ್ಲಿ ಏನು ಬರೆದಿದೆ ಅಂತ ಓದೋಕೆ ಬರದವನ ಹೆಬ್ಬೆಟ್ಟಿನ ಬೆಲೆ ಎಷ್ಟು ದುಬಾರಿ ಯೋಚಿಸಿ.

ಇದೇ ಜಿಲ್ಲೆಯಲ್ಲಿ ಇದಕ್ಕೊಂದು ಉತ್ತರ ಇದೆ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟ. ಡಾ. ಎಚ್. ಸುದರ್ಶನ್ ಅಲ್ಲಿ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರು ಮಾಡಿದ್ರು. ಆಸ್ಪತ್ರೆ ಜೊತೆಗೆ ಸೋಲಿಗ ಮಕ್ಕಳಿಗೆ ಶಾಲೆ. ಆ ಶಾಲೆಯ ಹುಡುಗರು ಕಾಲೇಜಿಗೆ ಹೋದ್ರು, ಅವರಲ್ಲಿ ಡಾ. ಸಿ. ಮಾದೇಗೌಡರು ಪಿಎಚ್.ಡಿ. ಮಾಡಿದ್ರು. 2011ರಲ್ಲಿ ಬಿ.ಆರ್.ಟಿ. ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಸೋಲಿಗರು ಸಮುದಾಯ ಅರಣ್ಯ ಹಕ್ಕು ಪಡೆದ್ರು. ಅರ್ಜಿ ಬರೆದು, ನಕ್ಷೆ ಮಾಡಿ, ಗ್ರಾಮಸಭೆ ನಡೆಸಿ ಪಡೆದದ್ದು. ಇವರೂ ಕಾಡಿನ ಜನ, ವೀರಪ್ಪನ್ ಕಾಲವನ್ನ ಕಂಡವರು. ಅಧಿಕಾರಿ ಚಾಚಿದ ಕಾಗದವನ್ನ ಓದಿ, ಇದಕ್ಕೆ ಸಹಿ ಹಾಕಲ್ಲ ಅಂತ ಹೇಳಬಲ್ಲ ನಾಲ್ಕು ಜನ ಊರಲ್ಲಿದ್ರೆ ಎಷ್ಟು ಬದಲಾಗುತ್ತೆ ಅನ್ನೋದಕ್ಕೆ ಇದು ಸಾಕ್ಷಿ.

ಸರ್ಕಾರ ಏನೂ ಮಾಡಲಿಲ್ಲ ಅಂತ ಹೇಳಿದರೆ ತಪ್ಪಾಗುತ್ತೆ. 1999ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ, ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಮತ್ತು ಸಿಬಿಐ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್ ಅವರ ಸಮಿತಿ ಮಾಡಿತು. ಸಮಿತಿ ಮಲೆ ಮಹದೇಶ್ವರ ಬೆಟ್ಟಕ್ಕೂ ಬಂದು ಜನರ ಮಾತು ಕೇಳಿತು. ಆ ವರದಿ ಮೇಲೆ 2007ರಲ್ಲಿ ಆಯೋಗ, ಎರಡೂ ರಾಜ್ಯಗಳ 89 ಸಂತ್ರಸ್ತರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರಕ್ಕೆ ಶಿಫಾರಸು ಮಾಡಿತು. ಹಂಚಿದರೆ ತಲೆಗೆ ಸರಾಸರಿ ಮೂರು ಲಕ್ಷ ಚಿಲ್ಲರೆ. ಘಟನೆ ನಡೆದು ಹದಿನಾಲ್ಕು ವರ್ಷ ಆದಮೇಲೆ. ಅದೂ ಕಾರ್ಯಾಚರಣೆಯಲ್ಲಿ ಕಿರುಕುಳ ಅನುಭವಿಸಿದವರಿಗೆ. ನಿರ್ದೋಷಿ ಆದವನು ಜೈಲಲ್ಲಿ ಕಳೆದ ವರ್ಷಗಳಿಗೆ ಅಂತ ಹಕ್ಕಾಗಿ ಕೇಳೋಕೆ ನಮ್ಮಲ್ಲಿ ಪ್ರತ್ಯೇಕ ಕಾನೂನೇ ಇಲ್ಲ.

ಆ ಕಾನೂನು ಬೇಕು ಅಂತ ಹೇಳಿದ್ದು ನಾನಲ್ಲ, ಕಾನೂನು ಆಯೋಗ. 2018ರ ಆಗಸ್ಟಲ್ಲಿ ಕೊಟ್ಟ 277ನೇ ವರದಿ. ತಪ್ಪು ಮೊಕದ್ದಮೆಯಿಂದ ನಲುಗಿದವರಿಗೆ ಹಣದ ಜೊತೆಗೆ ಆಪ್ತಸಮಾಲೋಚನೆ, ಮಾನಸಿಕ ಆರೋಗ್ಯ ಸೇವೆ, ಉದ್ಯೋಗ ಕೌಶಲ ತರಬೇತಿ ಕೂಡ ಕೊಡಬೇಕು, ಜೈಲಿಗೆ ಹೋಗಿಬಂದ ಅನ್ನೋ ಕಾರಣಕ್ಕೆ ಕೆಲಸಕ್ಕೆ, ಕಾಲೇಜಿಗೆ ಅಡ್ಡಿ ಆಗಬಾರದು ಅನ್ನುತ್ತೆ ಅದು. ಅದಾದಮೇಲೆ ಹಳೇ ಸಂಹಿತೆ ಹೋಗಿ 2024ರ ಜುಲೈ 1ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆ ಬಂತು. ಮೊದಲ ಸಲ ಆರೋಪಿ ಆದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗಿದ್ದರೆ ಬಿಡಬೇಕು ಅನ್ನೋ ಒಳ್ಳೇ ಅಂಶ ಅದರಲ್ಲಿದೆ, ಗಲ್ಲು, ಜೀವಾವಧಿಯ ಕೇಸುಗಳಿಗೆ ಮಾತ್ರ ಅದು ಇಲ್ಲ. 277ನೇ ವರದಿಯ ಶಿಫಾರಸಿಗೆ ಅಲ್ಲೂ ಜಾಗ ಸಿಗಲಿಲ್ಲ.

ಇದು ಹಳೇ ಕಥೆ ಅಂದ್ಕೋಬೇಡಿ. 2022ರ ಕೊನೆಗೆ ದೇಶದ ಜೈಲುಗಳಲ್ಲಿ ಇದ್ದವರು 5.73 ಲಕ್ಷ. ಅದರಲ್ಲಿ ವಿಚಾರಣಾಧೀನರು 4.34 ಲಕ್ಷ. ನಾಲ್ವರಲ್ಲಿ ಮೂವರು. ಇವರಲ್ಲಿ ಎಷ್ಟೋ ಜನ ನಾಳೆ ನಿರ್ದೋಷಿ ಅಂತ ಹೊರಗೆ ಬರ್ತಾರೆ.

ಆ ಸ್ಪೆಷಲ್ ಕಾರ್ಯಕ್ರಮಕ್ಕೆ ಶೂಟಿಂಗ್ ಮಾಡೋಕೆ ನಾನು ಕೊಳ್ಳೇಗಾಲ, ಹನೂರು ದಾಟಿ ಬೆಟ್ಟದ ದಾರಿ ಹಿಡಿದಿದ್ದೆ. ದಾರಿಯಲ್ಲಿ ಟೀ ಅಂಗಡಿ ಹತ್ತಿರ ಒಬ್ಬ ವಯಸ್ಸಾದವರು ಸಿಕ್ಕರು. ತಾನೂ ಮೈಸೂರು ಜೈಲಲ್ಲಿದ್ದೆ ಅಂದ್ರು. ಮೈಕು ತೆಗೆಯೋಕೆ ಹೋದೆ. "ಬ್ಯಾಡಿ ಸಾ, ಮೊಮ್ಮಗಳಿಗೆ ಸಂಬಂಧ ನೋಡ್ತಾವ್ರೆ" ಅಂದ್ರು. ಕ್ಯಾಮೆರಾ ಇಳಿಸಿ ಟೀ ಕುಡಿದ್ವಿ.

"ಕೋರ್ಟು ನಿಮ್ಮನ್ನ ಬಿಡ್ತಲ್ಲ ಯಜಮಾನ್ರೇ, ಇನ್ನೇನು ಭಯ?" ಅಂತ ಕೇಳ್ದೆ.

"ಕೋರ್ಟು ಬುಡ್ತು ಸಾ, ಊರು ಬುಡ್ಬೇಕಲ್ಲ" ಅಂದ್ರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ನನ್ನನ್ನೇ ಕೇಳಿದ್ರು, "ನೀವು ಓದ್ದೋರು. ನಾ ತಪ್ಪು ಮಾಡಿಲ್ಲ ಅಂತ ಒಂದು ಸರ್ಟಿಫಿಕೇಟು ಎಲ್ಲಾದ್ರೂ ಕೊಡ್ತಾರಾ ಸಾ? ಗೋಡೆಗೆ ಹಾಕಂಬೋದಾಗಿತ್ತು."

ಸ್ಟುಡಿಯೋದಲ್ಲಿ ಮಂತ್ರಿಗಳ ಬಾಯಿ ಮುಚ್ಚಿಸೋ ನನಗೆ ಅಲ್ಲಿ ಉತ್ತರ ಬರಲಿಲ್ಲ. ಅಂಥ ಸರ್ಟಿಫಿಕೇಟು ಇಲ್ಲ. ತೀರ್ಪಿನ ಪ್ರತಿ ಇದೆ, ನೂರಾರು ಪುಟ, ಅವರ ಹೆಸರು ಎಲ್ಲೋ ಒಂದು ಸಾಲಲ್ಲಿ. ಅದನ್ನ ಅವರು ಓದಲಾರರು, ಬೀಗರಿಗೆ ತೋರಿಸಲಾರರು.

ಅವರು ಕೇಳಿದ್ದರಿಂದಲೇ ಶುರು ಮಾಡಬಹುದು ಅಂತ ನನಗನ್ನಿಸುತ್ತೆ. ನಿರ್ದೋಷಿ ಅಂತ ಬಿಡುಗಡೆ ಆದವರಿಗೆ ಅವರ ಭಾಷೆಯಲ್ಲಿ ಒಂದೇ ಪುಟದ ಪತ್ರ, ಕೋರ್ಟಿನ ಮೊಹರಿನ ಜೊತೆ. ಅದರ ಒಂದು ಪ್ರತಿ ಊರಿನ ಪಂಚಾಯಿತಿಗೆ, ಒಂದು ಪೊಲೀಸ್ ಠಾಣೆಗೆ. ಬಿಡುಗಡೆ ದಿನ ಗೇಟಿನ ಹತ್ತಿರ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಒಬ್ಬರು ಕೂತು ರೇಷನ್ ಕಾರ್ಡು, ಪಿಂಚಣಿ, ಪಹಣಿ ಏನೇನು ತಪ್ಪಿಹೋಗಿದೆ ಅಂತ ಬರ್ಕೊಂಡರೆ ಸಾಕು, ಅರ್ಧ ಕೆಲಸ ಆದಂಗೆ. ಒಳಗೆ ಓದು ಶುರು ಮಾಡಿದವರು ಹೊರಗೆ ಬಂದಮೇಲೆ ಹತ್ತಿರದ ಕಾಲೇಜಲ್ಲೇ ಪರೀಕ್ಷೆ ಬರೆಯೋ ಹಾಗಾಗಬೇಕು. ವಿಚಾರಣಾಧೀನರಿಗೂ ಮೊದಲ ವಾರದಿಂದಲೇ ಅಕ್ಷರ ಕಲಿಸಬೇಕು. ಎಂಟು ವರ್ಷದಲ್ಲಿ ಒಂದು ಮಗು ಒಂದನೇ ಕ್ಲಾಸಿಂದ ಎಂಟನೇ ಕ್ಲಾಸು ಮುಗಿಸುತ್ತೆ. ಒಬ್ಬ ದೊಡ್ಡ ಮನುಷ್ಯ ಅಷ್ಟೇ ಕಾಲ ಸರ್ಕಾರದ ಸುಪರ್ದಿಯಲ್ಲಿದ್ದು ಹೆಬ್ಬೆಟ್ಟಲ್ಲೇ ಹೊರಗೆ ಬಂದರೆ ಫೇಲಾದದ್ದು ಅವನಲ್ಲ.

ಇನ್ನು ನಮ್ಮ ಪಾಲು. ಬಂಧಿಸಿದ ದಿನ ಮುಖಕ್ಕೆ ಕ್ಯಾಮೆರಾ ಹಿಡಿದು "ಖತರ್ನಾಕ್" ಅಂತ ಬ್ರೇಕಿಂಗ್ ಹಾಕೋರು ನಾವೇ. ಬಿಡುಗಡೆ ದಿನ ಕೆಳಗಿನ ಸ್ಕ್ರೋಲಲ್ಲೂ ಜಾಗ ಇರಲ್ಲ. ಈ ತಪ್ಪನ್ನ ನಾನೂ ಮಾಡಿದ್ದೀನಿ, ಹಾಗಾಗಿ ಬೇರೆಯವರಿಗೆ ಬುದ್ಧಿ ಹೇಳೋ ಅರ್ಹತೆ ನನಗಿಲ್ಲ. ಆ ವರ್ಷ ಜುಲೈ 30ರ ಕಾರ್ಯಕ್ರಮದಲ್ಲಿ ಒಂದು ಸಣ್ಣ ಬದಲಾವಣೆ ಮಾಡಿದ್ವಿ. 108ರ ಪಕ್ಕದಲ್ಲಿ 51 ಅಂತ ಹಾಕಿ, ಎರಡು ನಿಮಿಷ ಅವರ ಬಗ್ಗೆ ಮಾತಾಡಿದೆ. ಟಿ.ಆರ್.ಪಿ. ಏನೂ ಬರಲಿಲ್ಲ. ಮರುದಿನ ಆ ಟೀ ಅಂಗಡಿಯವನು ಫೋನ್ ಮಾಡಿದ. "ಯಜಮಾನ್ರು ನೋಡುದ್ರು ಸಾ. ಹೆಸ್ರು ಹೇಳ್ನಿಲ್ವಲ್ಲ, ಒಳ್ಳೇದಾಯ್ತು ಅಂದ್ರು" ಅಂದ.